ಮನೆಮಂದಿಯೆಲ್ಲ ಸೇರಿ ಮಾಡುವ ಗೊಂಬೆ

ಕನ್ನಡ ನಾಡಿನ ಗೊಂಬೆಗಾರಿಕೆಯ ಚರಿತ್ರೆಯನ್ನು ಕುಶಲಕರ್ಮಿಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಚನ್ನಪಟ್ಟಣದ ಅರಗಿನ ಬಣ್ಣ, ಕಿನ್ನಾಳದ ಚಿತ್ರಗಾರರು, ಗೋಕಾಕದ ಮರದ ಹಣ್ಣು ಹಂಪಲು ಎಂದು ಊರೂರಿನ ಕಸುಬುಗಳನ್ನು ಎಣಿಸಿ ಮುಗಿಸುವ ಈ ಕ್ರಮದಲ್ಲಿ ಗೊಂಬೆಯ ಅರ್ಧ ಆಯುಷ್ಯ ಮಾತ್ರ ದಾಖಲಾಗುತ್ತದೆ. ಏಕೆಂದರೆ ಕುಶಲಕರ್ಮಿಯ ಕೈಯಿಂದ ಹೊರಟ ಗೊಂಬೆಯು ಮನೆಯೊಂದನ್ನು ಸೇರಿ, ಅಲ್ಲಿ ಸೀರೆ ಉಟ್ಟು, ಮಣಿಸರ ತೊಟ್ಟು, ತನ್ನ ಸುತ್ತ ಒಂದು ಕಿರುಲೋಕವನ್ನು ಕಟ್ಟಿಸಿಕೊಂಡ ಮೇಲೆಯೇ ಪೂರ್ತಿಯಾಗುತ್ತದೆ. ಈ ಎರಡನೆಯ ಅರ್ಧವನ್ನು ರೂಪಿಸುವವರು ಅಜ್ಜಿ, ತಾಯಿ, ತಂದೆ, ಮಕ್ಕಳು ಸೇರಿದ ಮನೆಮಂದಿ. ಪುಟ್ಟ ಕಿನ್ನರಿ ಗೊಂಬೆಗಳನ್ನು, ಅಂದರೆ ಹಾರುವ ಭಂಗಿಯ ಅಥವಾ ರೆಕ್ಕೆಯುಳ್ಳ ಕಿರುಗೊಂಬೆಗಳನ್ನು, ಮನೆಯವರೆಲ್ಲ ಕೂಡಿ ಕೈಯಿಂದ ಮಾಡುವ ಹವ್ಯಾಸವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಅದು ಪರದೇಶದಿಂದ ಬಂದ ಹೊಸ ಗೀಳಾಗಿ ತೋರದೆ, ಇಲ್ಲಿನ ಮನೆಗಳು ಹಿಂದಿನಿಂದ ನಡೆಸಿಕೊಂಡು ಬಂದ ಒಂದು ಅಭ್ಯಾಸದ ಮುಂದುವರಿಕೆಯಾಗಿ ಕಾಣುತ್ತದೆ.

ನೀಲಗಿರಿ ಜಿಲ್ಲೆಯ ಕೋತಗಿರಿಯಂಥ ಊರು ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಬೆಟ್ಟಸಾಲಿನ ಪೂರ್ವದ ಅಂಚಿನಲ್ಲಿರುವ ಈ ಊರಿಗೆ ಹಿಂಗಾರು ಮಳೆ ಚೆನ್ನಾಗಿ ಹಿಡಿಯುತ್ತದೆ. ನವರಾತ್ರಿಯ ಹೊತ್ತಿಗೆ ಮೋಡ ಕವಿದು, ಸಂಜೆಗಳು ಬೇಗ ಕತ್ತಲಾಗಿ, ಮನೆಯವರೆಲ್ಲ ಒಂದೇ ದೀಪದ ಕೆಳಗೆ ಕುಳಿತುಕೊಳ್ಳುವ ದಿನಗಳು ತಾವಾಗಿಯೇ ಒದಗುತ್ತವೆ. ಕನ್ನಡಕ್ಕೆ ಬಹಳ ಹತ್ತಿರದ ಭಾಷೆಯನ್ನಾಡುವ ಬಡಗರು, ಕಮ್ಮಾರಿಕೆ, ಮರಗೆಲಸ ಮತ್ತು ವಾದ್ಯಗಳಿಗೆ ಹೆಸರಾದ ಕೋತರು, ಜೇನು ಇಳಿಸುವುದರಲ್ಲಿ ನಿಪುಣರಾದ ಕುರುಂಬರು, ಬಯಲಿನಿಂದ ಬಂದು ನೆಲೆಸಿದ ತಮಿಳು, ಮಲಯಾಳ ಮತ್ತು ಕನ್ನಡ ಕುಟುಂಬಗಳು ಅಕ್ಕಪಕ್ಕದಲ್ಲಿ ಬಾಳುವ ಇಲ್ಲಿ ಗೊಂಬೆಗೆ ಬೇಕಾದ ಸಾಮಗ್ರಿಗೂ ಕೈಚಳಕಕ್ಕೂ ಕೊರತೆಯಿಲ್ಲ.

ಹಾರುವ ರೂಪದ ಪೂರ್ವಜರು

ಕಿನ್ನರರ ಕಲ್ಪನೆ ಭಾರತೀಯ ಪರಂಪರೆಯಲ್ಲಿ ಬಹು ಹಳೆಯದು. ಸಂಸ್ಕೃತದ ನಿಘಂಟಾದ ಅಮರಕೋಶವು ವಿದ್ಯಾಧರ, ಅಪ್ಸರೆ, ಯಕ್ಷ, ಗಂಧರ್ವ, ಕಿನ್ನರ, ಸಿದ್ಧ ಮೊದಲಾದವರನ್ನು ದೇವಯೋನಿಗಳು, ಎಂದರೆ ದೇವತೆಗಳಿಗೂ ಮನುಷ್ಯರಿಗೂ ನಡುವಣ ಜೀವಿಗಳು, ಎಂಬ ಒಂದೇ ಗುಂಪಿನಲ್ಲಿ ಇರಿಸುತ್ತದೆ. ಇವರು ಪೂಜೆಗೊಳ್ಳುವ ಮುಖ್ಯ ದೇವರಲ್ಲ. ಹಾಡು, ಕುಣಿತ, ಹೂಮಾಲೆ, ಆಕಾಶಸಂಚಾರ ಇವರ ಪಾಲಿನವು. ಹಾಗಾಗಿಯೇ ಇವರನ್ನು ರೂಪಿಸುವಲ್ಲಿ ಶಿಲ್ಪಿಗೆ ಹೆಚ್ಚಿನ ಸ್ವಾತಂತ್ರ್ಯವಿತ್ತು. ಬಾದಾಮಿ ಮತ್ತು ಐಹೊಳೆಯ ಚಾಲುಕ್ಯ ಶಿಲ್ಪಗಳಲ್ಲಿ ಆಕಾಶದಲ್ಲಿ ತೇಲುವ ಗಂಧರ್ವ ದಂಪತಿಗಳನ್ನು ಗಮನಿಸಿದರೆ ಒಂದು ಮುಖ್ಯ ಸಂಗತಿ ಹೊಳೆಯುತ್ತದೆ: ಅವರಿಗೆ ರೆಕ್ಕೆಗಳಿಲ್ಲ. ಹಿಂದಕ್ಕೆ ಮಡಿಚಿದ ಕಾಲು, ಮುಂದಕ್ಕೆ ಬಾಗಿದ ಎದೆ, ಗಾಳಿಗೆ ಹಿಮ್ಮುಖವಾಗಿ ಅಲೆಯುವ ಉತ್ತರೀಯ, ಇಷ್ಟರಿಂದಲೇ ಕಲ್ಲು ಹಾರುತ್ತದೆ. ರೆಕ್ಕೆಯು ಇಲ್ಲಿ ಗರುಡನಿಗೆ ಮತ್ತು ಅರ್ಧ ಹಕ್ಕಿ ಅರ್ಧ ಮನುಷ್ಯರಾದ ಕಿನ್ನರರಿಗೆ ಮೀಸಲು. ಗೊಂಬೆ ಮಾಡುವವರಿಗೆ ಇದು ಕೇವಲ ಕಲೆಯ ಇತಿಹಾಸದ ಮಾತಲ್ಲ. ಹಾರಾಟವನ್ನು ರೆಕ್ಕೆಯಿಂದ ತೋರಿಸಬೇಕೋ ಸೆರಗಿನಿಂದ ತೋರಿಸಬೇಕೋ ಎಂಬ ಪ್ರಶ್ನೆಗೆ ಈ ನೆಲದಲ್ಲಿ ಎರಡು ಸಿದ್ಧ ಉತ್ತರಗಳಿವೆ ಎಂಬುದು ಅವರಿಗೆ ನೇರವಾಗಿ ಬಳಕೆಗೆ ಬರುವ ತಿಳಿವು.

ಮರದ ಗೊಂಬೆಯ ಲೋಕದಲ್ಲಿ ರೆಕ್ಕೆಯ ಸೊಗಸನ್ನು ಕಾಣಬೇಕಾದರೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಾಮಧೇನುವನ್ನು ನೋಡಬೇಕು. ಹೆಣ್ಣಿನ ಮುಖ, ಆಕಳ ಮೈ, ಹಕ್ಕಿಯ ರೆಕ್ಕೆ, ನವಿಲಿನ ಬಾಲ ಸೇರಿದ ಈ ರೂಪವು ಗಾಢ ಬಣ್ಣಗಳಲ್ಲಿ, ಮೈತುಂಬ ಉಬ್ಬು ಆಭರಣಗಳೊಂದಿಗೆ ನಿಂತಾಗ, ಪ್ರಾಣಿ, ಪಕ್ಷಿ, ಮನುಷ್ಯರ ಗಡಿಗಳನ್ನು ದಾಟುವ ಕಲ್ಪನೆ ನಮ್ಮ ಗೊಂಬೆಗಾರರಿಗೆ ಎಷ್ಟು ಸಹಜವಾಗಿತ್ತೆಂಬುದು ತಿಳಿಯುತ್ತದೆ.

ಯುರೋಪಿನ ಹಾರುವ ಪುಟ್ಟ ದೇವತೆಗಳ ಚರಿತ್ರೆಯಲ್ಲಿಯೂ ಮನೆಯ ಪಾತ್ರ ದೊಡ್ಡದು. ಇಂಗ್ಲೆಂಡಿನ ಚಿತ್ರಕಲಾವಿದೆ ಸಿಸಿಲಿ ಮೇರಿ ಬಾರ್ಕರ್ ಅವರ ಹೂವಿನ ಕಿನ್ನರಿಯರ ಮೊದಲ ಪುಸ್ತಕ 1923ರಲ್ಲಿ ಪ್ರಕಟವಾಯಿತು. ಅವರ ಅಕ್ಕ ಮನೆಯಲ್ಲೇ ನಡೆಸುತ್ತಿದ್ದ ಶಿಶುವಿಹಾರದ ಮಕ್ಕಳು ಆ ಚಿತ್ರಗಳಿಗೆ ಮಾದರಿಗಳಾದರು, ಅವರು ತೊಡುವ ಉಡುಪುಗಳನ್ನು ಬಾರ್ಕರ್ ತಾವೇ ಹೊಲಿದರು, ರೆಕ್ಕೆಗಳನ್ನು ಕಡ್ಡಿ ಮತ್ತು ತೆಳುಬಟ್ಟೆಯಿಂದ ಕಟ್ಟಿದರು. ಅದಕ್ಕೂ ಮುಂಚೆ, 1917ರಲ್ಲಿ, ಯಾರ್ಕ್‌ಷೈರಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ ಎಲ್ಸಿ ರೈಟ್ ಮತ್ತು ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಅಕ್ಕತಂಗಿಯರ ವಾವೆಯ ಹುಡುಗಿಯರು ಕಾಗದದಲ್ಲಿ ಕಿನ್ನರಿಯರನ್ನು ಬರೆದು, ಕತ್ತರಿಸಿ, ಟೋಪಿಯ ಸೂಜಿಗಳಿಂದ ನಿಲ್ಲಿಸಿ ಮನೆಯ ಹಿಂದಿನ ತೊರೆಯ ಬಳಿ ಚಿತ್ರ ತೆಗೆದಾಗ, ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರೇ ಅದನ್ನು ನಿಜವೆಂದು ನಂಬಿದರು. ಅವು ಕಾಗದದ ಗೊಂಬೆಗಳೆಂದು ಆ ಇಬ್ಬರೂ ಒಪ್ಪಿಕೊಂಡದ್ದು 1980ರ ದಶಕದಲ್ಲಿ, ತಮ್ಮ ಮುಪ್ಪಿನಲ್ಲಿ. ಈ ಎರಡು ಪ್ರಸಂಗಗಳ ಸ್ವಭಾವ ಬೇರೆಯಾದರೂ, ಕತ್ತರಿ, ಕಾಗದ, ತೆಳುಬಟ್ಟೆ, ಕಡ್ಡಿ ಎಂಬ ಮನೆಯ ಸಾಮಾನುಗಳಿಂದಲೇ ಕಿನ್ನರಿಯು ಹುಟ್ಟಿದಳೆಂಬುದನ್ನು ಎರಡೂ ಹೇಳುತ್ತವೆ.

ಕಸುಬೇ ಮನೆತನವಾದಾಗ

ಮನೆಮಂದಿಯೆಲ್ಲ ಸೇರಿ ಗೊಂಬೆ ಮಾಡುವುದು ಏನೆಂಬುದನ್ನು ಅರಿಯಲು ಮೊದಲು ಅದನ್ನೇ ಬದುಕಾಗಿಸಿಕೊಂಡ ಕುಟುಂಬಗಳನ್ನು ನೋಡುವುದು ಒಳ್ಳೆಯದು. ಕಿನ್ನಾಳದ ಚಿತ್ರಗಾರ ಕುಟುಂಬಗಳು ತಮ್ಮ ಹಿರಿಯರನ್ನು ವಿಜಯನಗರದ ಕಾಲಕ್ಕೆ ಒಯ್ಯುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳಿಗೂ ತಮ್ಮ ವಂಶಕ್ಕೂ ನಂಟಿದೆಯೆಂಬುದು ಅವರಲ್ಲಿ ಉಳಿದು ಬಂದ ನಂಬಿಕೆ. ಅವರ ಗೊಂಬೆ ಒಂದೇ ಮರದ ತುಂಡಿನಿಂದ ಕಡೆದದ್ದಲ್ಲ. ಹಗುರವಾದ ಮರದಲ್ಲಿ ಕೈ, ಕಾಲು, ಮುಂಡ, ತಲೆಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆ ಬೀಜವನ್ನು ನೆನೆಸಿ ಅರೆದು ಕುದಿಸಿದ ಅಂಟಿನಿಂದ ಜೋಡಿಸುತ್ತಾರೆ. ಆಮೇಲೆ ಬರುವುದು ಕಿಟ್ಟ, ಅಂದರೆ ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರನ್ನು ಅದೇ ಅಂಟಿನಲ್ಲಿ ಕಲಸಿದ ಕಣಕ. ಬೆಸೆದ ಕಡೆಗಳ ಸಂದುಗಳನ್ನು ಅದು ತುಂಬುತ್ತದೆ, ಕೆನ್ನೆಗೆ ದುಂಡು, ತೋಳಿಗೆ ತಿರುವು ಕೊಡುತ್ತದೆ. ಮೈಮೇಲೆ ಹತ್ತಿ ಬಟ್ಟೆಯ ತುಂಡುಗಳನ್ನು ಅಂಟಿಸಿ, ಬಿಳಿಯ ಕಲ್ಲಿನ ಪುಡಿಯನ್ನು ಅಂಟಿನೊಡನೆ ಬೆರೆಸಿ ಬಳಿದು, ಅದೇ ಲೇಪದಿಂದ ಸರ, ಡಾಬು, ಕಿರೀಟಗಳನ್ನು ಉಬ್ಬಾಗಿ ಎಳೆದು, ಅದರ ಮೇಲೆ ಬಣ್ಣ ಹಾಕಿದಾಗ ಒಳಗಿರುವುದು ಮರವೋ ಮಣ್ಣೋ ಎಂದು ಹೇಳಲಾಗದಷ್ಟು ನಯ ಬರುತ್ತದೆ. ತವರದಿಂದ ಬಂಗಾರದ ಹೊಳಪನ್ನು ತರಿಸುವ ಲಾಜವರ ಎಂಬ ಕ್ರಮವೂ ಈ ಮನೆಗಳ ವಿದ್ಯೆ.

ಇಷ್ಟು ಹಂತಗಳಿರುವ ಕೆಲಸವನ್ನು ಒಬ್ಬರೇ ಮಾಡಿ ಮುಗಿಸುವುದು ಕಷ್ಟ. ಕೆತ್ತುವವರು ಒಬ್ಬರು, ಅಂಟು ಕಾಯಿಸುವವರು ಮತ್ತೊಬ್ಬರು, ಕಿಟ್ಟ ತುಂಬುವವರು, ನಯ ಮಾಡುವವರು, ಬಣ್ಣದ ನೆಲ ಹಾಕುವವರು, ಕಡೆಗೆ ಕಣ್ಣು ಬರೆಯುವವರು ಎಂದು ಕೆಲಸವು ಮನೆಯೊಳಗೆ ಹರಡುತ್ತದೆ. ಒಂದು ಪದರ ಒಣಗುವ ತನಕ ಮುಂದಿನದಕ್ಕೆ ಕಾಯಬೇಕಾದುದರಿಂದ ಆ ಬಿಡುವಿನಲ್ಲಿ ಅಡುಗೆಯೂ ಹೊಲದ ಕೆಲಸವೂ ನಡೆಯುತ್ತವೆ, ಮಕ್ಕಳು ನೋಡುತ್ತ ನೋಡುತ್ತ ಕಲಿಯುತ್ತಾರೆ. ಕಿನ್ನಾಳದ ಆಟಿಕೆಗಳಿಗೂ ಚನ್ನಪಟ್ಟಣದ ಗೊಂಬೆಗಳಿಗೂ ಈಗ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಒಂದು ವಸ್ತುವಿನ ಹೆಸರನ್ನು ಅದು ಹುಟ್ಟಿದ ಊರಿನವರು ಮಾತ್ರ ಬಳಸಬಹುದೆಂದು ಕಾನೂನು ಕೊಡುವ ರಕ್ಷಣೆ ಇದು. ಆದರೆ ಹೆಸರನ್ನು ಕಾನೂನು ಕಾಯಬಹುದಾದರೂ, ಕೈಯ ಹದವನ್ನು ಕಾಯುವುದು ಮನೆಯೇ.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನವು ಯಕ್ಷಗಾನ ಗೊಂಬೆಯಾಟವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುವುದು ಇದೇ ಮಾತಿಗೆ ಇನ್ನೊಂದು ಸಾಕ್ಷಿ. ದೇವಣ್ಣ ಕಾಮತರಿಂದ ಕೊಗ್ಗ ಕಾಮತರಿಗೆ, ಅವರಿಂದ ಭಾಸ್ಕರ ಕೊಗ್ಗ ಕಾಮತರಿಗೆ ಬಂದ ಈ ವಿದ್ಯೆಯಲ್ಲಿ ದಾರ ಎಳೆಯುವುದು ಒಂದು ಭಾಗವಾದರೆ, ಯಕ್ಷಗಾನದ ವೇಷಭೂಷಣಗಳನ್ನು, ಕೇದಿಗೆ ಮುಂದಲೆಯಿಂದ ಹಿಡಿದು ಕಾಲಿನ ಗೆಜ್ಜೆಯವರೆಗೆ, ಮೊಳದುದ್ದದ ಗೊಂಬೆಯ ಅಳತೆಗೆ ಇಳಿಸಿ ತೊಡಿಸುವುದು ಇನ್ನೊಂದು ಭಾಗ. ಗಡಿಯಾಚೆಯ ಕಾಸರಗೋಡಿನಲ್ಲಿ ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವು ತೆಂಕುತಿಟ್ಟಿನ ವೇಷಗಳನ್ನು ಗೊಂಬೆಗೆ ತಂದಿದೆ. ದೊಡ್ಡದರ ಠೀವಿಯನ್ನು ಚಿಕ್ಕದರಲ್ಲಿ ಉಳಿಸುವುದು ಹೇಗೆಂಬ ಪಾಠಕ್ಕೆ ಈ ಎರಡು ಊರುಗಳಿಗಿಂತ ಉತ್ತಮ ಶಾಲೆ ಸಿಗಲಾರದು.

ಪಟ್ಟದ ಗೊಂಬೆಯ ಶೃಂಗಾರ

ಕಸುಬಿನ ಮನೆಗಳಾಚೆ, ಸಾಮಾನ್ಯ ಮನೆಗಳಲ್ಲಿ ಗೊಂಬೆಗಾರಿಕೆಯನ್ನು ಜೀವಂತವಾಗಿ ಇಟ್ಟದ್ದು ನವರಾತ್ರಿಯ ಗೊಂಬೆ ಹಬ್ಬ. ಹಳೆಯ ಮೈಸೂರು ಸೀಮೆಯಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಕೊಡುವ ರಾಜ ರಾಣಿಯರ ಜೋಡಿಯೇ ಪಟ್ಟದ ಗೊಂಬೆ. ರಕ್ತಚಂದನದಂಥ ಮರದಲ್ಲಿ ಕಡೆದ ಈ ಜೋಡಿ ಅಂಗಡಿಯಿಂದ ಬರುವಾಗ ಬರಿಮೈಯಲ್ಲಿರುತ್ತದೆ. ಅದಕ್ಕೆ ರೇಷ್ಮೆಯ ತುಂಡಿನಲ್ಲಿ ಸೀರೆ, ಕಚ್ಚೆಪಂಚೆ, ಮೈಸೂರು ಪೇಟ, ಜರಿಯ ಅಂಚು, ಮಣಿಯ ಸರ, ಮುತ್ತಿನ ತುರಾಯಿ ಇವನ್ನೆಲ್ಲ ಮಾಡುವುದು ಮನೆಯವರ ಪಾಲಿನ ಕೆಲಸ. ಮದುವೆಯ ಸೀರೆಯ ಸೆರಗಿನಲ್ಲಿ ಉಳಿದ ತುಂಡು, ಅಜ್ಜಿಯ ಕಾಲದ ಕುಪ್ಪಸದ ಕಲಾಬತ್ತು, ಕಡಿದುಹೋದ ಸರದ ಮಣಿಗಳು ಗೊಂಬೆಯ ಮೈಸೇರಿ ಉಳಿದುಕೊಳ್ಳುವುದರಿಂದ, ಹಲವು ವರ್ಷ ಬಾಳಿದ ಪಟ್ಟದ ಗೊಂಬೆಯೊಂದನ್ನು ಬಿಡಿಸಿ ನೋಡಿದರೆ ಆ ಮನೆಯ ಬಟ್ಟೆಬರೆಯ ಇತಿಹಾಸವೇ ಪದರಪದರವಾಗಿ ಸಿಗುತ್ತದೆ.

ಪಾಡ್ಯದ ದಿನ ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಗೊಂಬೆಗಳನ್ನು ಕೂರಿಸಿ, ಸಂಜೆ ಆರತಿ ಎತ್ತಿ, ಮನೆಮನೆಗೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಬೊಂಬೆ ಬಾಗಿನವೆಂದು ತಿಂಡಿ ಹಂಚುವ ಈ ಆಚರಣೆಯಲ್ಲಿ ಮೆಟ್ಟಿಲ ಕೆಳಗಿನ ಜಾಗ ಮಕ್ಕಳಿಗೇ ಬಿಟ್ಟದ್ದು. ಅಲ್ಲಿ ಅವರು ಮಣ್ಣು ಹರಡಿ ರಾಗಿ ಮೊಳಕೆಯ ಗದ್ದೆ ಮಾಡುತ್ತಾರೆ, ಕನ್ನಡಿಯ ತುಂಡಿನಿಂದ ಕೆರೆ, ರಟ್ಟಿನಿಂದ ಮನೆ, ಬೆಂಕಿಕಡ್ಡಿಯಿಂದ ಬೇಲಿ ಕಟ್ಟುತ್ತಾರೆ. ತಮಿಳುನಾಡಿನ ಕೊಲು ಆಚರಣೆಯಲ್ಲಿಯೂ ಇದೇ ಬಗೆಯ ಮೆಟ್ಟಿಲುಗಳೂ ಮರಪ್ಪಾಚಿ ಎಂಬ ರಕ್ತಚಂದನದ ಜೋಡಿಯೂ ಇರುವುದರಿಂದ ನೀಲಗಿರಿಯ ಊರುಗಳಲ್ಲಿ ಕನ್ನಡ ಮತ್ತು ತಮಿಳು ಮನೆಗಳು ಪರಸ್ಪರ ಗೊಂಬೆ ನೋಡಲು ಹೋಗುವುದಕ್ಕೆ ಭಾಷೆ ಅಡ್ಡ ಬರುವುದಿಲ್ಲ. ಮೈಸೂರು ಅರಮನೆಯ ಗೊಂಬೆ ತೊಟ್ಟಿ ಈ ಸಂಪ್ರದಾಯದ ರಾಜವೈಭವವನ್ನು ತೋರಿಸಿದರೆ, ಅದೇ ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ದಸರೆಯ ಹೊತ್ತಿಗೆ ನಡೆಸುವ ಬೊಂಬೆ ಮನೆ ಪ್ರದರ್ಶನವು ದೇಶದ ನಾನಾ ಕಡೆಯ ಗೊಂಬೆಗಾರರ ಕೆಲಸವನ್ನು ಮನೆಗಳಿಗೆ ತಲುಪಿಸುತ್ತದೆ. ಜಪಾನಿನಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳ ಏಳಿಗೆಗಾಗಿ ಮೆಟ್ಟಿಲುಗಳ ಮೇಲೆ ಚಕ್ರವರ್ತಿ ದಂಪತಿಯ ಗೊಂಬೆಗಳನ್ನು ಕೂರಿಸುವ ಹಿನಾ ಹಬ್ಬವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ, ಮಗಳಿಗೆ ಗೊಂಬೆ ಕೊಡುವುದರ ಹಿಂದಿನ ಮಮತೆ ದೇಶಗಳನ್ನು ದಾಟಿದ್ದೆಂಬುದು ಸ್ಪಷ್ಟವಾಗುತ್ತದೆ.

ಗಮನಿಸಬೇಕಾದ ಅಂಶವೆಂದರೆ, ಪಟ್ಟದ ಗೊಂಬೆ ಮತ್ತು ದೇವತೆಗಳ ರೂಪಗಳು ಸಂಪ್ರದಾಯದಿಂದ ಬಿಗಿಯಾಗಿ ನಿರ್ಧಾರವಾದವು. ಅಲ್ಲಿ ಮಕ್ಕಳ ಕಲ್ಪನೆಗೆ ಹೆಚ್ಚು ಎಡೆಯಿಲ್ಲ. ಕೆಳಗಿನ ತೋಟದಲ್ಲಿ, ಗದ್ದೆಯ ಬದಿಯಲ್ಲಿ, ಮರದ ಕೊಂಬೆಯ ಮೇಲೆ ಯಾರು ಇರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಕಿನ್ನರಿ ಗೊಂಬೆ ಸರಿಯಾಗಿ ಒಪ್ಪುವುದು ಆ ಜಾಗಕ್ಕೆ.

ಬೆಟ್ಟ ಕೊಡುವ ಸಾಮಗ್ರಿ

ಕೋತಗಿರಿಯ ಸುತ್ತಲಿನ ಚಹಾ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರದ ಎಲೆ ಜರೀಗಿಡದ ಎಲೆಯಂತೆ ಸೀಳುಸೀಳಾಗಿ, ಕೆಳಮೈಯಲ್ಲಿ ಬೆಳ್ಳಿಯ ಬಣ್ಣ ಹೊತ್ತಿರುತ್ತದೆ. ಉದುರಿದ ಎಲೆಯ ಒಂದು ಸೀಳನ್ನು ದಪ್ಪ ಪುಸ್ತಕದ ನಡುವೆ ಒಣಗಿಸಿ, ಕರಗಿಸಿದ ಜೇನುಮೇಣದಲ್ಲಿ ಒಮ್ಮೆ ಅದ್ದಿ ತೆಗೆದರೆ ಅದು ಮುರಿಯದೆ, ಬೆಳಕಿಗೆ ಮಿನುಗುವ ರೆಕ್ಕೆಯಾಗುತ್ತದೆ. ಮೇಣ ಕಾಯಿಸುವ ಮತ್ತು ಅದ್ದುವ ಕೆಲಸ ದೊಡ್ಡವರದೇ ಆಗಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದು ನೆಟ್ಟು, ಕನ್ನಡದಲ್ಲಿ ಈ ಬೆಟ್ಟಗಳ ಹೆಸರನ್ನೇ ಪಡೆದ ನೀಲಗಿರಿ ಮರದ ಮೊಗ್ಗಿನ ಮುಚ್ಚಳವು ಹೂ ಬಿರಿಯುವಾಗ ಕಳಚಿ ಬೀಳುತ್ತದೆ. ಚೂಪು ತುದಿಯ ಆ ಮುಚ್ಚಳ ಪುಟ್ಟ ಕಿನ್ನರಿಗೆ ಕುಲಾವಿಯಾಗಲು ಅಳತೆ ತೆಗೆದಂತಿರುತ್ತದೆ. ಒಣಗಿದರೂ ಬಣ್ಣ ಮಾಸದ ಕಾಗದದಂಥ ಹೂಗಳು, ಪಾಚಿ, ಪೈನ್ ಕಾಯಿಯ ಹೊರಪದರ ಇವೆಲ್ಲ ಗೊಂಬೆಯ ತೋಟಕ್ಕೆ ಒದಗುತ್ತವೆ. ಕಾಡಿನೊಳಗಿನದನ್ನು ಕೀಳದೆ, ರಸ್ತೆಬದಿಯಲ್ಲಿ ಮತ್ತು ಹಿತ್ತಲಲ್ಲಿ ಉದುರಿದ್ದನ್ನು ಮಾತ್ರ ಆಯ್ದುಕೊಳ್ಳುವುದು ಈ ಹವ್ಯಾಸದ ಮೊದಲ ನಿಯಮವಾಗಬೇಕು.

ಜೇನುಮೇಣದ ಹಿಂದೆ ಈ ಬೆಟ್ಟದ ಒಂದು ದೊಡ್ಡ ದುಡಿಮೆಯ ಕಥೆಯಿದೆ. ಕುರುಂಬರು ಮತ್ತು ಇತರ ಬುಡಕಟ್ಟಿನವರು ಕಡಿದಾದ ಬಂಡೆಗಳಿಂದ ಹೆಜ್ಜೇನನ್ನು ಇಳಿಸುತ್ತಾರೆ. ಕೋತಗಿರಿಯಲ್ಲಿ ನೆಲೆಯಿರುವ ಕೀಸ್ಟೋನ್ ಫೌಂಡೇಶನ್ 1990ರ ದಶಕದಿಂದ ಈ ಜೇನುಗಾರರ ಜೊತೆ ಕೆಲಸ ಮಾಡುತ್ತ ಬಂದಿದ್ದು, ಅದರಿಂದ ಬೆಳೆದ ಲಾಸ್ಟ್ ಫಾರೆಸ್ಟ್ ಎಂಬ ಸಂಸ್ಥೆಯು ಜೇನು, ಮೇಣದ ವಸ್ತುಗಳು ಮತ್ತು ಬೆಟ್ಟದ ಕೈಕೆಲಸಗಳನ್ನು ಮಾರುಕಟ್ಟೆಗೆ ತಲುಪಿಸುತ್ತದೆ. ಗೂಡಲೂರು ಮತ್ತು ಮಸಿನಗುಡಿಯ ಕಡೆಯ ಬುಡಕಟ್ಟಿನ ಕುಶಲಕರ್ಮಿಗಳು ಕಾಡನ್ನು ಆವರಿಸುವ ಲಂಟಾನ ಎಂಬ ಕಳೆಗಿಡದ ಕಡ್ಡಿಗಳಿಂದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆದು, ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತದ್ದನ್ನು ಜಗತ್ತು ಕಂಡಿದೆ. ಅದೇ ಲಂಟಾನದ ತೆಳುಕಡ್ಡಿ, ಸಿಪ್ಪೆ ತೆಗೆದರೆ, ಕಿನ್ನರಿಯ ಉಯ್ಯಾಲೆಗೂ ಏಣಿಗೂ ಸಾಕಾಗುತ್ತದೆ.

ಉದಕಮಂಡಲದ ಸುತ್ತಲಿನ ತೋಡ ಹೆಂಗಸರ ಕಸೂತಿಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಒರಟಾದ ಬಿಳಿಯ ಹತ್ತಿ ಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ಉಣ್ಣೆಯ ನೂಲಿನಿಂದ, ಯಾವ ಗೆರೆಯನ್ನೂ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಕಣ್ಣಿನಲ್ಲೇ ಎಣಿಸಿ ಹಾಕುವ ಈ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದನ್ನು ನಕಲು ಮಾಡಿ ಗೊಂಬೆಗೆ ತೊಡಿಸುವುದು ಆ ಜನರ ಹಕ್ಕನ್ನು ಕಡೆಗಣಿಸಿದಂತೆ. ಅವರಿಂದಲೇ ಕೊಂಡ ಒಂದು ಪಟ್ಟಿಯನ್ನು ಗೊಂಬೆಯ ಹೊದಿಕೆಯಾಗಿಸುವುದಾದರೆ ಅದು ಗೌರವ. ಆದರೆ ಎಳೆ ಎಣಿಸುವ ಆ ಶಿಸ್ತನ್ನು ಕಲಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಮತ್ತು ಚಿಕ್ಕ ಗೊಂಬೆಯ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದ ಶಿಸ್ತು ಇಲ್ಲ.

ಐದು ಇಂಚಿನ ಮೈ

ಕಿರುಗೊಂಬೆಗಳ ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆ ಒಂದಕ್ಕೆ ಹನ್ನೆರಡು, ಎಂದರೆ ನಿಜದ ಒಂದು ಅಡಿಗೆ ಗೊಂಬೆಯ ಒಂದು ಇಂಚು. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ 1924ರಲ್ಲಿ ಪೂರ್ತಿಗೊಳಿಸಿದ, ಈಗ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ ಇದೇ ಪ್ರಮಾಣದ್ದು. ಭಾರತೀಯ ಶಿಲ್ಪಶಾಸ್ತ್ರದ ಅಳತೆ ಇದಕ್ಕಿಂತ ಬೇರೆ ಬಗೆಯದು. ಅದು ಹೊರಗಿನ ಅಳತೆಗೋಲನ್ನು ಬಿಟ್ಟು, ಆಯಾ ಮೂರ್ತಿಯ ಮುಖದ ಉದ್ದವನ್ನೇ ತಾಲ ಎಂದು ಹಿಡಿದು, ಇಡೀ ದೇಹವನ್ನು ಅದರಿಂದ ಅಳೆಯುತ್ತದೆ. ದೇವತೆಗಳ ಮೂರ್ತಿ ಸಾಮಾನ್ಯವಾಗಿ ನವತಾಲ, ಎಂದರೆ ಒಂಬತ್ತು ಮುಖಗಳಷ್ಟು ಎತ್ತರ; ಗಣಪತಿಯ ಮೂರ್ತಿ ಪಂಚತಾಲ. ತಾಲ ಕಡಿಮೆಯಾದಷ್ಟೂ ತಲೆ ದೊಡ್ಡದಾಗಿ, ರೂಪದಲ್ಲಿ ಮಗುತನ ಹೆಚ್ಚುತ್ತದೆ. ಐದು ಇಂಚಿನ ಗೊಂಬೆಗೆ ಒಂದು ಇಂಚಿನ ಮುಖವಿಟ್ಟು, ಕಣ್ಣುಗಳನ್ನು ಮುಖದ ನಡುಗೆರೆಗಿಂತ ತುಸು ಕೆಳಗೆ ಬರೆದರೆ ಎಳೆಮಗುವಿನ ಮುಗ್ಧತೆ ತಾನಾಗಿ ಬರುತ್ತದೆ. ಅದೇ ಐದು ಇಂಚಿಗೆ ಅರ್ಧ ಇಂಚಿಗಿಂತ ತುಸು ದೊಡ್ಡ ಮುಖವಿಟ್ಟರೆ ಅಪ್ಸರೆಯ ಗಾಂಭೀರ್ಯ ಬರುತ್ತದೆ. ಈ ಒಂದು ಲೆಕ್ಕವನ್ನು ಮಕ್ಕಳಿಗೆ ತಿಳಿಸಿದರೆ ಅವರು ಗೊಂಬೆಯ ವಯಸ್ಸನ್ನು ತಾವೇ ನಿರ್ಧರಿಸಬಲ್ಲರು.

ಮೈಯ ಒಳಗಟ್ಟು ತೆಳುವಾದ ತಂತಿಯದು. ಎರಡು ತುಂಡುಗಳನ್ನು ಶಿಲುಬೆಯಂತೆ ಹೊಸೆದು, ತುದಿಗಳನ್ನು ಇಕ್ಕಳದಿಂದ ಒಳಕ್ಕೆ ಮಡಿಸಿ, ಅದರ ಮೇಲೆ ಅರಳೆಯನ್ನು ಸುತ್ತುವುದು ಮುಂದಿನ ಹಂತ. ಕನ್ನಡದ ಮನೆಗಳಿಗೆ ಈ ಕೆಲಸ ಹೊಸದಲ್ಲ. ದೇವರ ದೀಪಕ್ಕೆ ಬತ್ತಿ ಹೊಸೆಯುವ, ಪೂಜೆಗೆ ಗೆಜ್ಜೆವಸ್ತ್ರ ಮಾಡುವ ಬೆರಳುಗಳಿಗೆ ಅರಳೆಯ ಹದ ಗೊತ್ತು. ಬಿಡಿಸಿದ ಹತ್ತಿಯನ್ನು ಎಳೆದು, ತುಸು ಹಾಲಿನ ತೇವದಲ್ಲಿ ಬೆರಳ ನಡುವೆ ಹೊಸೆದು, ಸಮದೂರಕ್ಕೆ ಗಂಟು ಕೊಟ್ಟು, ಕುಂಕುಮ ಹಚ್ಚಿ ಹಾರ ಮಾಡುವ ಗೆಜ್ಜೆವಸ್ತ್ರದ ಕೌಶಲವೇ ಇಲ್ಲಿ ತೋಳಿಗೆ ದುಂಡು, ಮೊಣಕಾಲಿಗೆ ಮಡಿಕೆ, ಕೊರಳಿಗೆ ಮಾಲೆ ಕೊಡುತ್ತದೆ. ಹೊಸ ಹವ್ಯಾಸವೆಂದು ಕರೆಯುವ ಇದರಲ್ಲಿ ಅಜ್ಜಿಯೇ ಮೊದಲ ಗುರುವಾಗುವುದು ಹೀಗೆ.

ಉಡುಪಿನ ವಿಷಯದಲ್ಲಿ ಒಂದು ತೊಡಕಿದೆ: ಗೊಂಬೆ ಚಿಕ್ಕದಾದಂತೆ ಬಟ್ಟೆಯ ದಪ್ಪ ಚಿಕ್ಕದಾಗುವುದಿಲ್ಲ. ಹೊಸ ರೇಷ್ಮೆ ಬಿರುಸಾಗಿ ನಿಂತು ಗೊಂಬೆಯನ್ನು ಗೋಣಿಚೀಲದಲ್ಲಿ ಇಟ್ಟಂತೆ ಮಾಡುತ್ತದೆ. ನೂರಾರು ಸಲ ಒಗೆದು ಮೆತ್ತಗಾದ ಹಳೆಯ ನೂಲು ಸೀರೆ, ತೆಳುವಾದ ಪಂಚೆ, ಹಸುಗೂಸಿನ ಜುಬ್ಬಾ ಇವುಗಳ ತುಂಡೇ ಇದಕ್ಕೆ ತಕ್ಕದ್ದು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಮೈಗೆ ಇನ್ನೂ ಚೆನ್ನಾಗಿ ಒರಗುತ್ತದೆ. ನೆರಿಗೆಗೆ ತೆಳು ಗಂಜಿಯಲ್ಲಿ ಅದ್ದಿ, ಒಂದೊಂದೇ ಮಡಿಕೆಯನ್ನು ಸೂಜಿಯ ಬೆನ್ನಿನಿಂದ ಒತ್ತಿ, ದಾರ ಸುತ್ತಿ ರಾತ್ರಿಯಿಡೀ ಒಣಗಲು ಬಿಡಬೇಕು. ಸೆರಗಿನ ಅಂಚಿನೊಳಗೆ ಕೂದಲೆಳೆಯಂಥ ತಂತಿಯನ್ನು ಸೇರಿಸಿ ಹೊಲಿದರೆ ಐಹೊಳೆಯ ಗಂಧರ್ವರ ಉತ್ತರೀಯದಂತೆ ಅದನ್ನು ಹಿಂದಕ್ಕೆ ಅಲೆಯಿಸಬಹುದು. ಆಗ ರೆಕ್ಕೆಯಿಲ್ಲದೆಯೂ ಗೊಂಬೆ ಹಾರುತ್ತದೆ.

ಕಣ್ಣು ಬರೆಯುವುದು ಎಲ್ಲಕ್ಕೂ ಕೊನೆಯ ಕೆಲಸ. ದೇವಾಲಯದ ಮೂರ್ತಿಗಳಲ್ಲಿ ನೇತ್ರೋನ್ಮೀಲನ, ಎಂದರೆ ಕಣ್ಣು ತೆರೆಯಿಸುವ ವಿಧಿ, ಪ್ರತಿಷ್ಠೆಯ ಮುಖ್ಯ ಅಂಗವಾಗಿರುವುದರ ಹಿಂದೆ ಶ್ರದ್ಧೆಯಷ್ಟೇ ಕುಶಲಕರ್ಮಿಯ ವಿವೇಕವೂ ಇರಬೇಕು. ಕಣ್ಣು ತಪ್ಪಿದರೆ ಉಳಿದ ದುಡಿಮೆಯೆಲ್ಲ ಸಪ್ಪೆಯಾಗುತ್ತದೆ, ಕಣ್ಣು ಸರಿಯಾದರೆ ಇತರ ಕುಂದುಗಳು ಮರೆಯಾಗುತ್ತವೆ. ಮನೆಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಹದಿಹರೆಯದವರಿಗೆ ಒಪ್ಪಿಸುವುದು ಒಳ್ಳೆಯದು: ಅವರ ದೃಷ್ಟಿ ಚುರುಕು, ಕೈ ನಡುಗುವುದಿಲ್ಲ, ಮನೆಯವರೆಲ್ಲರ ದುಡಿಮೆ ತಮ್ಮ ಕುಂಚದ ತುದಿಯಲ್ಲಿ ನಿಂತಿದೆಯೆಂಬ ಹೊಣೆ ಅವರನ್ನು ಗಂಭೀರರನ್ನಾಗಿಸುತ್ತದೆ. ಆರೇಳು ವರ್ಷದವರು ಎಲೆ, ಮುಚ್ಚಳ, ಮಣಿಗಳನ್ನು ಆಯ್ದು ಬಣ್ಣವಾರು ವಿಂಗಡಿಸಬಲ್ಲರು. ತಂತಿ ಕತ್ತರಿಸುವುದು, ಮೇಣ ಕಾಯಿಸುವುದು ತಂದೆ ತಾಯಿಯರಿಗೆ. ಸಣ್ಣ ಸೂಜಿಗೆ ದಾರ ಪೋಣಿಸಲು ಕಣ್ಣು ಮಂಜಾದ ಹಿರಿಯರು ಅರಳೆ ಹೊಸೆಯುವುದನ್ನೂ ನೆರಿಗೆಯ ಲೆಕ್ಕವನ್ನೂ ಕತ್ತಲೆಯಲ್ಲಿಯೂ ಮಾಡಬಲ್ಲರು. ವಯಸ್ಸಿಗೆ ತಕ್ಕ ಕೆಲಸ ಹೀಗೆ ಹಂಚಿಹೋಗುವ, ಯಾರೊಬ್ಬರನ್ನೂ ಬರಿಯ ನೋಡುಗರಾಗಿ ಕೂರಿಸದ ಹವ್ಯಾಸಗಳು ಇಂದಿನ ಮನೆಗಳಲ್ಲಿ ವಿರಳ.

ಮಲೆನಾಡಿನಂತೆ ನೀಲಗಿರಿಯಲ್ಲಿಯೂ ತೇವವೇ ಗೊಂಬೆಯ ಶತ್ರು. ಅರಳೆಗೆ ಬೂಷ್ಟು ಹಿಡಿಯುತ್ತದೆ, ಗಂಜಿ ಮತ್ತು ಹುಣಸೆಯ ಅಂಟಿಗೆ ಹುಳು ಬರುತ್ತದೆ. ಬಿಸಿಲು ಕಂಡ ದಿನ ಗೊಂಬೆಗಳನ್ನು ನೆರಳಿನ ಗಾಳಿಗಿಟ್ಟು, ಒಣ ಬೇವಿನ ಸೊಪ್ಪು ಮತ್ತು ಲವಂಗದೊಡನೆ ಹಳೆಯ ಮಲ್ಲು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಡುವ ಹಿಂದಿನವರ ಕ್ರಮವೇ ಇದಕ್ಕೆ ಈಗಲೂ ಉತ್ತಮ ಉಪಾಯ.

ಹೆಸರು ಮತ್ತು ಬೆಲೆ

ಮನೆಯಲ್ಲಿ ಗೊಂಬೆ ಮಾಡಿದರೆ ಕುಶಲಕರ್ಮಿಗಳ ಅನ್ನಕ್ಕೆ ಕುತ್ತಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಬೇಕು. ಕುಶಲಕರ್ಮಿಯ ಅನ್ನಕ್ಕೆ ಕುತ್ತು ಬಂದಿರುವುದು ಅಚ್ಚಿನಲ್ಲಿ ಸುರಿದ ಅಗ್ಗದ ಪ್ಲಾಸ್ಟಿಕ್ಕಿನಿಂದ ಮತ್ತು ಕೈಕೆಲಸದ ಬೆಲೆ ಅರಿಯದ ಕೊಳ್ಳುಗರಿಂದ. ಐದು ಇಂಚಿನ ಗೊಂಬೆಗೆ ಒಂದು ಜೊತೆ ಕಣ್ಣು ಬರೆಯಲು ಎಷ್ಟು ಸಲ ಅಳಿಸಬೇಕಾಯಿತೆಂಬುದನ್ನು ತಿಳಿದ ಹುಡುಗಿ, ಮುಂದೊಂದು ದಿನ ಕಿನ್ನಾಳದ ಕಾಮಧೇನುವಿನ ಮುಂದೆ ನಿಂತಾಗ ಅದರ ಬೆಲೆಯನ್ನು ಚೌಕಾಸಿ ಮಾಡುವುದಿಲ್ಲ. ಕೈಕೆಲಸಕ್ಕೆ ಬೇಕಾಗಿರುವುದು ಅಂಥ ಗಿರಾಕಿಗಳು, ಮತ್ತು ಅವರು ತಯಾರಾಗುವುದು ಮನೆಯ ಜಗಲಿಯಲ್ಲಿ. ಮೈಯನ್ನು ಕುಶಲಕರ್ಮಿಯಿಂದ ಕೊಂಡು ಶೃಂಗಾರವನ್ನು ಮನೆಯಲ್ಲಿ ಮಾಡುವ ಪಟ್ಟದ ಗೊಂಬೆಯ ಹಳೆಯ ಒಪ್ಪಂದವನ್ನು ಕಿನ್ನರಿಗೂ ಅನ್ವಯಿಸಬಹುದು. ಚನ್ನಪಟ್ಟಣದ ಚರಕಿಯಲ್ಲಿ ಕಡೆದ ಪುಟ್ಟ ಮರದ ಮೈ, ಬೆಟ್ಟದ ಜೇನುಗಾರರ ಮೇಣ, ತೋಡ ಹೆಂಗಸರ ಒಂದು ಪಟ್ಟಿ ಕಸೂತಿ, ಉಳಿದದ್ದು ಮನೆಯ ಹಳೆಬಟ್ಟೆ ಎಂದಾದರೆ, ಒಂದು ಗೊಂಬೆಯಲ್ಲಿ ಹಲವರ ದುಡಿಮೆಗೆ ಪಾಲು ಸಿಗುತ್ತದೆ.

ಇದರೊಡನೆ ಬೆಳೆಸಿಕೊಳ್ಳಬೇಕಾದ ಇನ್ನೊಂದು ರೂಢಿಯಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಒಂಬೈನೂರು ವರ್ಷಗಳ ಮೇಲೆಯೂ ಆ ತಂದೆ ಮಗನನ್ನು ಹೆಸರು ಹಿಡಿದು ಕರೆಯಲು ಸಾಧ್ಯವಾಗಿರುವುದು ಆ ಕೆಲವು ಅಕ್ಷರಗಳಿಂದ. ಮನೆಯಲ್ಲಿ ಮಾಡಿದ ಗೊಂಬೆಯ ಪೀಠದ ಅಡಿಯಲ್ಲಿಯೂ ಅರಳೆ ಹೊಸೆದವರು ಯಾರು, ಉಡುಪು ಹೊಲಿದವರು ಯಾರು, ಕಣ್ಣು ಬರೆದವರು ಯಾರು, ಯಾವ ವರ್ಷ ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕು, ಮತ್ತು ಪ್ರತಿ ನವರಾತ್ರಿಗೂ ಒಂದಾದರೂ ಹೊಸ ಗೊಂಬೆಯನ್ನು ಸೇರಿಸಬೇಕು. ಹೆಂಗಸರ ಮತ್ತು ಮಕ್ಕಳ ಕೈಕೆಲಸಕ್ಕೆ ನಮ್ಮ ಚರಿತ್ರೆಯಲ್ಲಿ ಹೆಸರು ಸಿಕ್ಕಿದ್ದು ಬಹಳ ಕಡಿಮೆ. ಕೋತಗಿರಿಯ ಒಂದು ಮನೆ ಈ ವರ್ಷ ಅದನ್ನು ಆರಂಭಿಸಿದರೂ ಮುಂದಿನ ತಲೆಮಾರಿಗೆ ಗೊಂಬೆಯ ಜೊತೆಗೆ ಅದನ್ನು ಮಾಡಿದವರ ಹೆಸರುಗಳೂ ತಲುಪುತ್ತವೆ.